ಯಾರೂ ಇಲ್ಲದ ದ್ವೀಪ

ಕಾಸರಕೋಡ, ಹೊನ್ನಾವರ
೫ ಜನವರಿ ೨೦೨೫, ಭಾನುವಾರ

ಪ್ರೀತಿಯ ಉಮಕ್ಕಾ,

ನಿನ್ನ ಮೊಣಕಾಲು ನೋವು ಹೇಗಿದೆ? ತದಡಿ ಬಂದರಿನಲ್ಲಿ ನೀನು ಮೀನಿನ ಬುಟ್ಟಿ ಎತ್ತುವುದನ್ನು ಭಾವ ಬಿಡಿಸಿದ್ದಾರೆ ಅಂತ ಕೇಳಿದೆ. ನೀನು ಬಿಟ್ಟಿರಲಿಕ್ಕಿಲ್ಲ, ಅದೂ ಗೊತ್ತು. ಸೌಜನ್ಯಾಳ ಕೆಮ್ಮು ಕಡಿಮೆಯಾಯಿತೇ? ಇಲ್ಲಿ ನಾನು, ಅರ್ಚನಾ ಆರಾಮ. ಅಪ್ಪನ ಆರೋಗ್ಯವನ್ನು ನಾನು ನಿನ್ನ ಹತ್ತಿರ ವಿಚಾರಿಸುವ ಕಾಲ ಬಂತು ನೋಡು. ಊಟ ಸರಿಯಾಗಿ ಮಾಡುತ್ತಾನೋ? ಬೆಳಗಿನ ಗಂಜಿಯ ಜೊತೆ ಸುಟ್ಟ ಒಣಮೀನು ಇಲ್ಲದಿದ್ದರೆ ಅವನು ಬಟ್ಟಲು ಮುಟ್ಟುವುದಿಲ್ಲ. ಹಾಗಂತ ಬಾಯಿಬಿಟ್ಟು ಕೇಳುವವನೂ ಅಲ್ಲ.

ಮೊನ್ನೆ ನೀನು ಫೋನ್ ಮಾಡಿ, "ಅಪ್ಪ ಒಂದು ಚೀಲ ಹಿಡ್ಕಂಡಿ ಬಂದು ಕೂತಾನೆ. ಕೇಳಿರೆ ಸುಮ್ನೆ ಬಂದೆ ಹೇಳ್ತಾನೆ. ಎಂತ ಆತಾ ತಮಾ?" ಅಂದೆ. ನಾನು, "ಎಂತದೂ ಆಗ್ಲಿಲ್ಲ, ಹೊಸ ವರ್ಷಕ್ಕೆ ಮಗಳ ನೆನಪಾಗಿರೂಕು" ಅಂದುಬಿಟ್ಟೆ. ಫೋನ್ ಕೈಗೆ ಬಂದ ಕೂಡಲೇ ನನ್ನ ಬಾಯಿ ಗಿರಾಕಿಗಳ ಜೊತೆ ಮಾತಾಡುವ ಬಾಯಿಯಾಗುತ್ತದೆ, ಅಕ್ಕ. ಕೇಳುವವರ ದನಿಯಲ್ಲಿ ಸ್ವಲ್ಪ ಅನುಮಾನ ಕಂಡರೆ ಸಾಕು, ಅದಕ್ಕೆ ತಕ್ಕ ಉತ್ತರ ತಾನಾಗಿ ಹೊರಬೀಳುತ್ತದೆ. ಎದುರಿಗೆ ಹೂಂ ಅನ್ನುವವರಿಲ್ಲದೆ ಬರೆದರೆ ಅಷ್ಟು ಸಲೀಸಾಗಿ ಸುಳ್ಳು ಬರಲಿಕ್ಕಿಲ್ಲ ಅಂತ ಈ ಕಾಗದ.

ನನ್ನ ದಂಧೆಯನ್ನು ನೀನು ಕಣ್ಣಾರೆ ನೋಡಿಲ್ಲ. ಸೈಕಲ್ಲಿನಲ್ಲಿ ಮೀನು ಮಾರುತ್ತಿದ್ದ ದಿನಕರ ಈಗ ಒಂದು ಬೋಟು, ಹುಟ್ಟು ಹಾಕುವ ನಾಲ್ಕು ಕಯಾಕ್ ದೋಣಿ, ಆರು ಟೆಂಟುಗಳ ಯಜಮಾನ. ಹರೆಯದವರಿಗೆ ದ್ವೀಪದ ಮೇಲೆ ಸಾಹಸದ ರಜೆ ಮಾರುತ್ತೇನೆ. ದ್ವೀಪ ಬೇರೆ ಯಾವುದೂ ಅಲ್ಲ, ನಮ್ಮ ಗಿಡುಗನ ಕಲ್ಲೇ. ಮಳೆಗಾಲ ಮುಗಿದದ್ದೇ ಅಪ್ಪ ತೆಂಗಿನ ಮಡಲಿನ ಗುಡಿಸಲು ಕಟ್ಟಿಕೊಂಡು, ಗಾಳ ಹಾಕಿ, ಮೀನು ಒಣಗಿಸುತ್ತ ಕೂರುತ್ತಿದ್ದನಲ್ಲ, ಅದೇ ಜಾಗ. ಬೆಳಿಗ್ಗೆ ಕಯಾಕ್ ಹತ್ತಿ ಕಲ್ಲಿನ ಸುತ್ತ ಒಂದು ಸುತ್ತು. ಬಿಸಿಲೇರಿದ ಮೇಲೆ ಮುಖಕ್ಕೆ ಕನ್ನಡಕ ಕಟ್ಟಿಕೊಂಡು ನೀರಿನಡಿಯ ಮೀನು ನೋಡುವುದು. ಇಳಿತದ ಹೊತ್ತಿಗೆ ಗುಹೆಯೊಳಗೆ ನುಸುಳುವುದು. ಆಮೇಲೆ ಎತ್ತರದ ಬಂಡೆಯಿಂದ ಕೂಗುತ್ತ ಸಮುದ್ರಕ್ಕೆ ಹಾರುವುದು. ಸಂಜೆಗೆ ಬೆಂಕಿ, ಸುಟ್ಟ ಮೀನು, ಟೆಂಟು. ಇದೆಲ್ಲ ಬೇರೆಯವರೂ ಕೊಡುತ್ತಾರೆ. ನನ್ನ ಮಾಲಿಗೆ ಗಿರಾಕಿ ಹೆಚ್ಚಾದದ್ದು ಹೆಸರಿನಿಂದ. "ಯಾರೂ ಇಲ್ಲದ ದ್ವೀಪ" ಅಂತ ಬೋರ್ಡಿನ ಮೇಲೆ ಬರೆಸಿದ್ದೆ.

ಆ ಹೆಸರಿಗೆ ಅಡ್ಡ ಬಂದದ್ದು ಅಪ್ಪನ ಲುಂಗಿ. ಮೊದಲ ವರ್ಷ ಬಂದ ಒಬ್ಬ ಹುಡುಗ ಹಗ್ಗದ ಮೇಲೆ ಅದು ಒಣಗುತ್ತಿದ್ದುದನ್ನು ಕಂಡು, "ಸರ್, ಯಾರೂ ಇಲ್ಲ ಅಂದ್ರಿ, ಇಲ್ಲಿ ಸಂಸಾರವೇ ಇದೆಯಲ್ಲ" ಅಂತ ನಕ್ಕ. ಆ ನಗು ನನಗೆ ನಷ್ಟದ ಬಾಬತ್ತಾಗಿ ಕಂಡಿತು. ಆ ವಾರವೇ, "ಅಪ್ಪಾ, ಜನ ಬಂದಾಗ ನೀ ಸ್ವಲ್ಪ ಪಡುವಣ ಬದಿಗೆ ಇರು" ಅಂದೆ. "ಅಡಗೂಕೆ ನಾ ಎಂತ ಕಳ್ಳನೇನಾ?" ಅಂತ ಬೈದ. ಆದರೆ ಮಾಡಿದ. ನನ್ನ ಬೋಟಿನ ಸದ್ದು ಕೇಳಿದ್ದೇ ಲುಂಗಿ ಎಳೆದುಕೊಂಡು, ಒಲೆಗೆ ಮಣ್ಣು ಮುಚ್ಚಿ, ಗುಡಿಸಲಿನ ಬಾಯಿಗೆ ಸೊಪ್ಪು ಅಡ್ಡ ಇಟ್ಟು ಬಂಡೆಯ ಆಚೆ ಹೋಗಿಬಿಡುತ್ತಿದ್ದ. ಬರಬರುತ್ತ ಅವನಿಗೂ ಅದು ಆಟವಾಯಿತು. "ನಿನ್ನ ಜನ ನನ್ನ ಮೂಗಿನ ಎದುರೇ ಹಾದು ಹೋದ್ರಾ ತಮಾ, ಒಬ್ಬಂಗೂ ಕಾಣ್ಲಿಲ್ಲ" ಅಂತ ಹೆಮ್ಮೆಪಡುತ್ತಿದ್ದ. ಒಮ್ಮೆ ಹಗ್ಗ ಬಿಚ್ಚಿ ತೇಲಿಹೋದ ಕಯಾಕ್ ಒಂದನ್ನು ಜನ ಏಳುವ ಮೊದಲೇ ಈಜಿ ಹಿಡಿದು ತಂದು ಕಟ್ಟಿಟ್ಟ. ಬಂದವರು ಬೆರಗಾದರು. ನಾನು ಬಿಡುತ್ತೇನೆಯೇ? ಈ ದ್ವೀಪವನ್ನು ಒಬ್ಬ ದೇವರು ಕಾಯುತ್ತಾನೆ ಅಂದೆ. ಅದನ್ನು ಅಪ್ಪನಿಗೆ ಹೇಳಿದರೆ, "ಹಂಗಾರೆ ದೇವರಿಗೆ ಬರುವಾಗ ಒಂದು ಕಟ್ಟು ಬೀಡಿ ತಕಂಡಿ ಬಾ" ಅಂದ. ಅವನು ನಗುತ್ತಿದ್ದ, ಹಾಗಾಗಿ ನಾನೂ ನಕ್ಕೆ. ನಕ್ಕದ್ದನ್ನೆಲ್ಲ ಒಪ್ಪಿಗೆ ಅಂತ ಜಮೆ ಮಾಡಿಕೊಳ್ಳುವುದು ನನಗೆ ಅಭ್ಯಾಸ.

ಈಗ ವಿಷಯಕ್ಕೆ ಬರುತ್ತೇನೆ. ಡಿಸೆಂಬರ್ ಮೂವತ್ತೊಂದಕ್ಕೆ ಮೈಸೂರಿನ ಒಂಬತ್ತು ಜನ ಬಂದಿದ್ದರು. ಮಧ್ಯಾಹ್ನ ಬಂಡೆಯಿಂದ ಹಾರುವ ಕಾರ್ಯಕ್ರಮ. ಹೇಮಾ ಎಂಬ ಹುಡುಗಿ ಹಾರಿದಳು, ಚೆನ್ನಾಗಿಯೇ ಹಾರಿದಳು. ಮೇಲೆ ಹತ್ತುವಾಗ ಮಾತ್ರ ಪಡುವಣ ಬದಿಗೆ ಹೋಗಿ, ಕಲ್ಲಿಗಂಟಿದ ಚಿಪ್ಪಿಗೆ ಅಂಗಾಲು ಸೀಳಿಕೊಂಡಳು. ನಾವೆಲ್ಲ ಈಚೆ ಕೇಕೆ ಹಾಕುತ್ತಿದ್ದೆವು, ಅವಳು ಕೂಗಿದ್ದು ಕೇಳಲಿಲ್ಲ. ಕೇಳಿದ್ದು ಅಪ್ಪನಿಗೆ. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಅಪ್ಪನ ಹೆಗಲು ಹಿಡಿದು ಅವಳು ಕುಂಟುತ್ತ ಬರುತ್ತಿದ್ದಾಳೆ. ಅವಳ ಕಾಲಿಗೆ ಅವನು ತಲೆಗೆ ಸುತ್ತುವ ಟವೆಲು ಕಟ್ಟಿದೆ. "ಹೆದರೂದು ಬ್ಯಾಡ ತಂಗಿ, ಉಪ್ಪುನೀರಿಗೆ ಬೇಗ ಮಾಗ್ತದೆ" ಅನ್ನುತ್ತಿದ್ದ. ನನ್ನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ. ಅಲ್ಲಿ ನಿಂತವನೊಬ್ಬ, "ಇವರು ಯಾರು ಸರ್? ಇಲ್ಲಿ ಯಾರೂ ಇಲ್ಲ ಅಂದಿದ್ರಲ್ಲ?" ಅಂತ ಕೇಳಿದ.

ಉಮಕ್ಕಾ, ನನ್ನ ತಲೆ ಎಷ್ಟು ಚುರುಕು ಅಂತ ನಿನಗೆ ಗೊತ್ತು. ಆ ಒಂದು ಉಸಿರಿನಲ್ಲಿ ಅದು ತೂಗಿ ಮುಗಿಸಿತು. ಒಂದು ತಟ್ಟೆಯಲ್ಲಿ ಅಪ್ಪ. ಇನ್ನೊಂದರಲ್ಲಿ ಇವರು ಊರಿಗೆ ಹೋಗಿ ಬರೆಯುವ ನಾಲ್ಕು ಸಾಲು, ಇವರ ಸ್ನೇಹಿತರು, ಬರುವ ಶನಿವಾರಗಳು. "ಗೊತ್ತಿಲ್ಲ, ಯಾರೋ ಮೀನು ಹಿಡಿಯುವವರು" ಅಂದೆ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ಸುಳ್ಳು ಗಟ್ಟಿಯಾಗಲಿ ಅಂತ ದನಿ ಏರಿಸಿ, "ಏಯ್ ಅಜ್ಜಾ, ಇಲ್ಲಿ ಬರಬಾರದು ಅಂತ ಗೊತ್ತಿಲ್ವಾ?" ಅಂತ ಕೇಳಿದೆ.

ಅಪ್ಪ ನನ್ನ ಮುಖ ನೋಡಿದ. ಆಮೇಲೆ ಸೊಂಟ ಬಗ್ಗಿಸಿ, "ತಪ್ಪಾತು ಸಾಹೇಬ್ರೇ. ಗಾಳಿಗೆ ದೋಣಿ ಇತ್ಲಾಗೆ ಬಂತು. ಈಗ ಹೋಗ್ತೆ" ಅಂದ. ಎಷ್ಟು ಚೆನ್ನಾಗಿ ಅಂದ ಅಂದರೆ ಒಂದು ಗಳಿಗೆ ನನಗೇ ಅವನು ಬೇರೆ ಯಾರೋ ಅನ್ನಿಸಿದ. ಹುಡುಗರು ಒಳ್ಳೆಯವರು. ಅವನಿಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟರು, ಎರಡೂ ಕೈಯಲ್ಲಿ ತೆಗೆದುಕೊಂಡ. ಅಜ್ಜನ ಜೊತೆ ಒಂದು ಫೋಟೋ ಬೇಕು ಅಂತ ಸಾಲಾಗಿ ನಿಂತು, ನನ್ನನ್ನೂ ಎಳೆದು ಅವನ ಪಕ್ಕಕ್ಕೆ ತಳ್ಳಿದರು. ಅವನ ಮೈಯ ಒಣಮೀನಿನ ವಾಸನೆ, ಬೀಡಿಯ ವಾಸನೆ ನನ್ನ ಮೂಗಿಗೆ ಬಡಿಯಿತು. ನಾನು ನಗುತ್ತ ನಿಂತೆ. ಮುಗಿದ ಮೇಲೆ ಅಪ್ಪ ಎಲ್ಲರಿಗೂ ಕೈಮುಗಿದ, ನನಗೂ. ತನ್ನ ಸಣ್ಣ ದೋಣಿ ನೂಕಿಕೊಂಡು ದಡದ ಕಡೆ ಹೊರಟೇಹೋದ. ಆ ಸಂಜೆ ನಾನು ಬಡಿಸಿದ್ದು ಬೆಳಿಗ್ಗೆ ಅಪ್ಪ ಹಿಡಿದಿಟ್ಟಿದ್ದ ಮೀನು. ಯಾರೂ ಹೆಚ್ಚು ಮಾತಾಡಲಿಲ್ಲ. ದಣಿದಿದ್ದಾರೆ ಅಂದುಕೊಂಡೆ.

ಮಾರನೇ ದಿನ ಮನೆಗೆ ಬಂದರೆ ಅಪ್ಪ ಇಲ್ಲ. ಅರ್ಚನಾ ನಗುತ್ತ, "ಮಾವ ಬಸ್ಸಿಗೆ ಹೋದ್ರು. ಸಾಹೇಬ್ರು ಬಂದ್ರೆ ಹೇಳು, ದೋಣಿ ಸರಿ ಕಟ್ಟಿದ್ದೆ ಅಂದ್ರು. ಇದೆಂತ ಹೊಸ ತಮಾಷೆ ನಿಮ್ಮದು ಅಪ್ಪ ಮಗಂದು?" ಅಂತ ಕೇಳಿದಳು. ಅವಳಿಗೂ ನಾನು ಹೇಳಿಲ್ಲ. ಬೋರ್ಡು ಇಳಿಸಿದೆ. ಬಣ್ಣ ಹಾಳಾಗಿದೆ, ಹೊಸದು ಬರೆಸಬೇಕು ಅಂತ ಅವಳ ಹತ್ತಿರ ಅದಕ್ಕೂ ಒಂದು ಕಾರಣ ಹೇಳಿದೆ.

ಬೈದಿದ್ದರೆ, ಎಲ್ಲರೆದುರು ಕೆನ್ನೆಗೆ ಎರಡು ಬಿಗಿದಿದ್ದರೆ ನಾನೂ ಕಾಲು ಹಿಡಿದು ಮುಗಿಸುತ್ತಿದ್ದೆ. ಅವನು ನನ್ನ ಮರ್ಯಾದೆ ಉಳಿಸಿದ, ಅಕ್ಕ. ಅದಕ್ಕೇ ಅವನಿಗೆ ಹೇಗೆ ಮುಖ ತೋರಿಸುವುದು ಅಂತ ತಿಳಿಯುತ್ತಿಲ್ಲ. ನಿನ್ನ ಹತ್ತಿರ ಏನಾದರೂ ಹೇಳಿದನೇ? ನನ್ನ ಹೆಸರು ಬಂದಾಗ ದಿನಕರ ಅನ್ನುತ್ತಾನೋ, ತಮ ಅನ್ನುತ್ತಾನೋ, ಅಥವಾ ಬೇರೆಯೇನಾದರೂ? ಅದೊಂದು ತಿಳಿಸು. ಅವನನ್ನು ವಾಪಸು ಕಳಿಸು ಅಂತ ಕೇಳುವ ಮುಖ ನನಗಿಲ್ಲ. ಗುಡಿಸಲಿನ ಬಾಯಿಗೆ ಇಟ್ಟ ಸೊಪ್ಪನ್ನು ಮಾತ್ರ ತೆಗೆದು ಬಂದಿದ್ದೇನೆ.

ಭಾವನಿಗೆ ನನ್ನ ನಮಸ್ಕಾರ. ಸೌಜನ್ಯಾಳಿಗೆ ಮಾವನ ಮುತ್ತು. ನಿನ್ನ ಕಾಲಿಗೆ ಬೀಳುತ್ತೇನೆ, ಈ ಸಲ ಬರೀ ರೂಢಿಗೆ ಅಲ್ಲ.

ನಿನ್ನ ತಮ್ಮ,
ದಿನಕರ

ತಾ.ಕ. ಲಕೋಟೆ ಅಂಟಿಸುವಷ್ಟರಲ್ಲಿ ಮೈಸೂರಿನಿಂದ ಹೇಮಾ ಫೋನ್ ಮಾಡಿದಳು. ಕಾಲು ಮಾಗುತ್ತಿದೆಯಂತೆ. ಟವೆಲು ಒಗೆದಿಟ್ಟಿದ್ದಾಳಂತೆ, ಯಾವ ವಿಳಾಸಕ್ಕೆ ಕಳಿಸಲಿ ಅಂತ ಕೇಳಿದಳು. ಆ ಅಜ್ಜನ ಮನೆ ವಿಚಾರಿಸಿ ಹೇಳುತ್ತೇನೆ ಅಂತ ನಾನು ಶುರುಮಾಡಿದ್ದೆ. ಅವಳು ಮೆಲ್ಲಗೆ, "ಬೇಡ ಸರ್. ಫೋಟೋದಲ್ಲಿ ನೋಡಿದ್ವಿ, ನಿಮ್ಮಿಬ್ಬರದೂ ಅದೇ ಹುಬ್ಬು, ಅದೇ ಕಿವಿ. ಅವತ್ತು ಸಂಜೆಯೇ ನಮಗೆಲ್ಲ ಗೊತ್ತಾಯ್ತು. ನಿಮಗೆ ಮುಜುಗರ ಆಗಬಾರದು ಅಂತ ಯಾರೂ ಕೇಳಲಿಲ್ಲ" ಅಂದಳು. ಬೆಂಕಿಯ ಸುತ್ತ ಕೂತ ಒಂಬತ್ತು ಜನಕ್ಕೂ ಗೊತ್ತಿತ್ತು, ಅಕ್ಕ. ಅರ್ಚನಾಗೂ ಈಗಷ್ಟೇ ಎಲ್ಲ ಹೇಳಿದೆ. ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಈ ಕಾಗದ ನಿನಗೆ ಮುಟ್ಟಿದ ಮೇಲೆ, ಹದಿನಾಲ್ಕನೇ ತಾರೀಕು ಮಂಗಳವಾರ, ಮೊದಲ ಬಸ್ಸಿಗೆ ಬರುತ್ತೇನೆ. ಮನೆಗಲ್ಲ, ನೇರ ಬಂದರಿಗೆ. ಬೋಟುಗಳು ಬರುವ ಹೊತ್ತಿಗೆ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಬಾ. ಜನ ತುಂಬಿರುವಾಗ ಅಪ್ಪಾ ಅಂತ ಕೂಗುತ್ತೇನೆ. ತಿರುಗಿ ನೋಡುವುದು, ಬಿಡುವುದು ಅವನಿಗೆ ಬಿಟ್ಟದ್ದು.