ಶನಿವಾರ ಹೊರಟದ್ದು ಸೋಮವಾರ ಮುಟ್ಟಿತು

ಚಳ್ಳಕೆರೆ,
ಸೋಮವಾರ, 16 ಜೂನ್ 2025, ಮಧ್ಯಾಹ್ನ

ಪ್ರೀತಿಯ ಅವ್ವನಿಗೆ ನಿನ್ನ ತೇಜು ಮಾಡುವ ನಮಸ್ಕಾರಗಳು.

ಹೇಗಿದ್ದೀಯ? ಪ್ರತಿ ಕಾಗದದಲ್ಲೂ ಇದನ್ನು ಕೇಳುತ್ತೇನೆ, ನೀನೂ ಪ್ರತಿ ಸಲ ಆರಾಮಾಗಿದ್ದೇನೆ ಅಂತಲೇ ಬರೆಯುತ್ತೀಯ. ಈ ಸಲ ಹಾಗೆ ಬರೆಯಬೇಡ. ನೀರಿನ ಕೊಡ ಎತ್ತಿಕೊಂಡು ಬಂದರೆ ಏದುಸಿರು ಬರುತ್ತದೆಯೇ? ಮಗ್ಗದಿಂದ ಏಳುವಾಗ ಕಣ್ಣಿಗೆ ಕತ್ತಲೆ ಕವಿಯುತ್ತದೆಯೇ? ಎದೆ ಡವಡವ ಅನ್ನುತ್ತದೆಯೇ? ಹೋದ ತಿಂಗಳು ಊರಿಗೆ ಬಂದಾಗ ನಿನ್ನ ಉಗುರುಗಳೆಲ್ಲ ಬಿಳಿಚಿಕೊಂಡಿದ್ದವು. ಕೇಳಿದರೆ, "ಗೋಡೆಗೆ ಸುಣ್ಣ ಹಚ್ಚಿದ್ನಲ್ಲ, ಅದ್ಕೇ ಹಂಗೈತೆ" ಅಂದೆ. ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳಾಗಿಯೂ ಅದನ್ನು ನಂಬಿ, ನೀನು ಹಾಕಿಕೊಟ್ಟ ರೊಟ್ಟಿ ತಿಂದು ಬಸ್ಸು ಹತ್ತಿದೆ.

ಇಷ್ಟು ಅವಸರವಿದ್ದರೆ ಫೋನ್ ಮಾಡಬಾರದಿತ್ತೇ ಅನ್ನಬೇಡ. ನಿನ್ನ ಕಿವಿ ಮಂದವಾದ ಮೇಲೆ ನಮ್ಮಿಬ್ಬರ ಫೋನು ಹೇಗಿರುತ್ತದೆಂದು ನಿನಗೇ ಗೊತ್ತು. ಗೋವರ್ಧನಣ್ಣ ಸ್ಪೀಕರ್ ಹಾಕಿ ನಿನ್ನ ಕಿವಿಯ ಹತ್ತಿರ ಹಿಡಿಯಬೇಕು, ನಾನು ಇಲ್ಲಿಂದ ಕಿರುಚಬೇಕು, ನಿನಗೆ ಕೇಳುವ ಹೊತ್ತಿಗೆ ಬೀದಿಗೆಲ್ಲ ಕೇಳಿರುತ್ತದೆ. ಅತ್ತಿಗೆಗೆ ಬೇರೆ ಏಳು ತಿಂಗಳು. ನೀನು ಮನೆಯಲ್ಲಿ ಯಾರಿಗೂ ಹೇಳದೆ ಮಾಡಿದ ಕೆಲಸವನ್ನು ನಾನು ಕೂಗಿ ಹೇಳಲಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮೂರಿನಿಂದ ರಕ್ತದ ಸ್ಯಾಂಪಲ್ ಬರುವ ಡಬ್ಬ ಸಂಜೆ ಬಸ್ಸಿಗೆ ವಾಪಸು ಹೋಗುತ್ತದಲ್ಲ, ಅದರ ಜೊತೆ ಈ ಕಾಗದವನ್ನೂ ಕಳಿಸುತ್ತೇನೆ. ಅಲ್ಲಿ ರಕ್ತ ತೆಗೆಯುವ ರೇಣುಕಮ್ಮ ತಂದು ನಿನ್ನ ಕೈಗೇ ಕೊಡುತ್ತಾರೆ. ಒಬ್ಬಳೇ ಕೂತು ಓದು.

ನನ್ನ ಕೆಲಸ ಏನು ಅಂತ ನೀನು ಎಷ್ಟೋ ಸಲ ಕೇಳಿದ್ದೀಯ. ಕಂಪ್ಯೂಟರ್ ಮುಂದೆ ಕೂರುವುದು ಎಂದು ಹೇಳಿ ತಪ್ಪಿಸಿಕೊಂಡಿದ್ದೇನೆ. ಇವತ್ತು ಸರಿಯಾಗಿ ಹೇಳುತ್ತೇನೆ, ಇಲ್ಲದಿದ್ದರೆ ನಡೆದದ್ದು ನಿನಗೆ ಅರ್ಥವಾಗುವುದಿಲ್ಲ. ನಮ್ಮ ಲ್ಯಾಬಿನ ಹಿಂದಿನ ಕೋಣೆಯಲ್ಲಿ ಒಂದು ಸರ್ವರ್ ಇದೆ, ಹಗಲೂ ರಾತ್ರಿ ಓಡುವ ಹಳೆಯ ಕಂಪ್ಯೂಟರ್ ಅಂದುಕೋ. ಪರೀಕ್ಷೆ ಮುಗಿದ ರಿಪೋರ್ಟುಗಳೆಲ್ಲ ಅದರೊಳಗೆ ಹೋಗುತ್ತವೆ. ಡಾಕ್ಟರು ಚೀಟಿ ಬರೆದು ಕಳಿಸಿದವರದಾದರೆ ಆ ಡಾಕ್ಟರಿಗೆ ಮೇಲ್ ಹೋಗುತ್ತದೆ. ಚೀಟಿಯಿಲ್ಲದೆ ತಾವೇ ಬಂದು ರಕ್ತ ಕೊಟ್ಟವರಿಗೆ, ಅವರು ಬರೆಸಿದ ಮೊಬೈಲಿಗೆ ಒಂದು ಕೋಡ್ ಹೋಗುತ್ತದೆ. ಅದನ್ನು ನಮ್ಮ ವೆಬ್‌ಸೈಟಿನಲ್ಲಿ ಹಾಕಿದರೆ ಅವರ ರಿಪೋರ್ಟು ಮಾತ್ರ ತೆರೆಯುತ್ತದೆ. ಇವೆಲ್ಲ ಸೇರಬೇಕಾದವರಿಗೆ ಸೇರುವಂತೆ, ಬೇರೆ ಯಾರ ಕೈಗೂ ಸಿಗದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಶನಿವಾರ ಸಂಜೆ ಇಲ್ಲಿ ಕೆಟ್ಟ ಗಾಳಿ ಬೀಸಿತು. ಹೋದ ಕರೆಂಟು ಬಹಳ ಹೊತ್ತು ಬರಲಿಲ್ಲ. ಯುಪಿಎಸ್ ಸೋತು ಸರ್ವರ್ ನಿಂತುಹೋಗಿ, ಕರೆಂಟು ಬಂದ ಮೇಲೆ ತಾನಾಗಿಯೇ ಎದ್ದಿತು. ದೀಪಗಳೆಲ್ಲ ಹಸಿರಾಗಿದ್ದವು, ವೆಬ್‌ಸೈಟೂ ತೆರೆಯುತ್ತಿತ್ತು. ಎಲ್ಲ ಸರಿಯಿದೆ ಅಂದುಕೊಂಡು ಮನೆಗೆ ಹೋದೆ. ಭಾನುವಾರ ರಜೆ. ಇವತ್ತು ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ನಾಯಕನಹಟ್ಟಿಯ ಡಾಕ್ಟರೊಬ್ಬರು, "ಎಲ್ರೀ ನಮ್ ರಿಪೋರ್ಟು? ಪೇಷಂಟು ಎದುರಿಗೆ ಕುಂತವ್ರೆ" ಅಂದರು. ಅದಾದ ಮೇಲೆ ಒಬ್ಬರಾದ ಮೇಲೊಬ್ಬರು. ಜನ ಬೇರೆ, ಕೋಡೇ ಬಂದಿಲ್ಲ ಎಂದು ಕೌಂಟರಿಗೆ ಬಂದು ನಿಂತರು. ಓಡಿಹೋಗಿ ನೋಡಿದರೆ ಶನಿವಾರ ಸಂಜೆಯಿಂದಾಚೆಗಿನ ಒಂದು ರಿಪೋರ್ಟೂ ಹೊರಗೆ ಹೋಗಿಲ್ಲ. ಎಲ್ಲ ಸರ್ವರಿನೊಳಗೇ ಸಾಲುಗಟ್ಟಿ ನಿಂತಿವೆ.

ಮೊದಲು ನನ್ನ ಮೇಲೇ ನನಗೆ ಅನುಮಾನ ಬಂತು. ಯಾಕೆಂದರೆ ಹೋದ ವಾರವಷ್ಟೆ ನಾನು ಮೇಲ್ ಕಳಿಸುವ ಪಾಸ್‌ವರ್ಡ್ ಬದಲಾಯಿಸಿದ್ದೆ. ನಮ್ಮ ಮ್ಯಾನೇಜರ್ ದುರುಗೇಶಣ್ಣನಿಗೂ ಅದೇ ನೆನಪಾಯಿತು. "ಚೆನ್ನಾಗಿ ಓಡ್ತಿದ್ದ ಮಿಷಿನ್ನು. ನೀನೇ ತಾನೇ ಅದ್ಯಾವ್ದೋ ಬದ್ಲಾಯ್ಸಿದ್ದು?" ಎಂದು ಎಲ್ಲರ ಎದುರಿಗೇ ಕೇಳಿದರು. ಕೆಟ್ಟ ಮನುಷ್ಯರಲ್ಲ ಅವ್ವ, ಗಾಬರಿಯಾದರೆ ಗಂಟಲು ದೊಡ್ಡದು, ಅಷ್ಟೇ. ನಮ್ಮ ಡಾಕ್ಟರು ಶಾಂತಕುಮಾರಿ ಮೇಡಂ ಹೊರಗೆ ಬಂದು, ಡಾಕ್ಟರ ಹೆಸರಿರುವ ತುರ್ತು ರಿಪೋರ್ಟುಗಳನ್ನು ಎತ್ತಿಕೊಂಡು ಫೋನಿನ ಮುಂದೆ ಕೂತರು. ಒಬ್ಬೊಬ್ಬರಿಗೇ ಓದಿ ಹೇಳತೊಡಗಿದರು. "ನೀನು ಮಿಷಿನ್ ನೋಡು, ಜನಾನ ನಾನ್ ನೋಡ್ಕೊಳ್ತೀನಿ" ಅಂದರು. ಆ ಮಾತಿನಿಂದ ನನಗೆ ಉಸಿರು ಬಂತು.

ಅದೇ ಪಾಸ್‌ವರ್ಡನ್ನು ನನ್ನ ಲ್ಯಾಪ್‌ಟಾಪಿನಿಂದ ಹಾಕಿ ನೋಡಿದೆ. ಮೇಲ್ ಕಂಪನಿಯವರು ಮರುಮಾತಿಲ್ಲದೆ ಒಳಗೆ ಬಿಟ್ಟರು. ಅಂದರೆ ತಪ್ಪು ನನ್ನದಲ್ಲ. ಒಂದು ಗಳಿಗೆ ಸಮಾಧಾನವಾಯಿತು, ಮರುಗಳಿಗೆಗೆ ಹೆದರಿಕೆ ಇಮ್ಮಡಿಯಾಯಿತು. ನನ್ನ ತಪ್ಪಾಗಿದ್ದರೆ ತಿದ್ದಬಹುದಿತ್ತು, ಇದು ಏನು ಅಂತಲೇ ಗೊತ್ತಿಲ್ಲವಲ್ಲ! ಸರ್ವರಿನಿಂದ ಪ್ರಯತ್ನಿಸಿದರೆ ಪಾಸ್‌ವರ್ಡ್ ಕೇಳುವುದಕ್ಕೂ ಮುಂಚೆಯೇ ಸಂಪರ್ಕ ಮುರಿದುಬೀಳುತ್ತಿತ್ತು. ಕೋಡ್ ಕಳಿಸುವ ಕಂಪನಿಯ ಜೊತೆಗೂ ಅದೇ ಕಥೆ. ಎರಡೂ ಕಡೆ ಒಂದೇ ತಕರಾರು ಬರೆದಿತ್ತು: ಎದುರಿನವರ ಸರ್ಟಿಫಿಕೇಟಿನ ಅವಧಿ ಇನ್ನೂ ಶುರುವಾಗಿಲ್ಲ.

ಸರ್ಟಿಫಿಕೇಟ್ ಅಂದರೆ ಬಸ್ ಪಾಸಿನ ಹಾಗೆ ಅವ್ವ. ಇವರು ಇಂಥವರು, ಇಂಥ ದಿನದಿಂದ ಇಂಥ ದಿನದವರೆಗೆ ನಂಬಬಹುದು ಎಂದು ಅದರಲ್ಲಿರುತ್ತದೆ. ನಮ್ಮ ಸರ್ವರ್ ಯಾರ ಜೊತೆ ಮಾತಾಡುವುದಕ್ಕೂ ಮೊದಲು ಅದನ್ನು ಕೇಳಿ ನೋಡುತ್ತದೆ. ಸರಿಯಿದ್ದರೆ ಮಾತ್ರ ರಿಪೋರ್ಟು ಕೊಡುತ್ತದೆ. ನಾನು ಲ್ಯಾಪ್‌ಟಾಪಿನಲ್ಲಿ ಅವರ ಸರ್ಟಿಫಿಕೇಟ್ ತೆಗೆದು ನೋಡಿದೆ. ಅವಧಿ ಶುರುವಾಗಿ ವಾರಗಳಾಗಿವೆ, ಮುಗಿಯುವುದಕ್ಕೆ ಇನ್ನೂ ಸಮಯವಿದೆ. ಎಲ್ಲ ನೆಟ್ಟಗಿದೆ. ಆದರೂ ಇನ್ನೂ ಶುರುವಾಗಿಲ್ಲ ಎಂದು ಸರ್ವರಿನ ಹಟ.

ದುರುಗೇಶಣ್ಣ ಬೆನ್ನ ಹಿಂದೆಯೇ ನಿಂತಿದ್ದರು. "ಆ ಚೆಕ್ ಮಾಡೋದನ್ನೇ ತೆಗೆದ್ಬಿಡಮ್ಮ. ಮೊದ್ಲು ಹೋಗ್ಲಿ, ಆಮ್ಯಾಕೆ ಹಾಕ್ಕಂಡ್ರಾತು" ಅಂದರು. ತೆಗೆಯಬಹುದು, ಒಂದೇ ಸಾಲಿನ ಕೆಲಸ. ಸುಳ್ಳೇಕೆ ಹೇಳಲಿ, ಆ ಸಾಲು ತೆರೆದು ಬೆರಳು ಇಟ್ಟಿದ್ದೆ. ಆದರೆ ಎದುರಿಗಿರುವವರು ಯಾರೆಂದು ನೋಡದೆ ಪಾಸ್‌ವರ್ಡನ್ನೂ ಇಷ್ಟು ಜನರ ರೋಗದ ವಿಷಯವನ್ನೂ ಕೊಟ್ಟುಬಿಟ್ಟರೆ, ನಡುವೆ ಯಾರಾದರೂ ಕಳ್ಳರು ಕೂತಿದ್ದರೂ ನನಗೆ ತಿಳಿಯುವುದಿಲ್ಲ. ಆಮೇಲೆ ಹಾಕುತ್ತೇವೆ ಅಂದದ್ದನ್ನು ಯಾರೂ ಹಾಕುವುದಿಲ್ಲ, ಅದೂ ಗೊತ್ತು. "ಅರ್ಧ ಗಂಟೆ ಕೊಡಣ್ಣ" ಅಂದೆ. "ಅಷ್ಟ್ರಾಗೆ ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ? ಅವ್ರ ಮನೆಯೋರ್ಗೆ ಏನ್ ಹೇಳ್ತೀಯಾ?" ಎಂದು ಕೇಳಿದರು. ತೆರೆದಿದ್ದ ಸಾಲನ್ನು ತಿದ್ದದೆ ಮುಚ್ಚಿದೆ. ಆ ಮಾತನ್ನು ಈಗಲೂ ಮರೆಯಲಾಗುತ್ತಿಲ್ಲ.

ತಕರಾರು ಯಾವ ಹೊತ್ತಿಗೆ ಶುರುವಾಯಿತು ನೋಡೋಣ ಎಂದು ಸರ್ವರ್ ತಾನೇ ಬರೆದಿಟ್ಟುಕೊಂಡ ಸಾಲುಗಳನ್ನು ಓದುತ್ತಾ ಹೋದೆ. ಎಡಗಡೆ ತಾರೀಖು ಇರುತ್ತದೆ, ಯಾರೂ ಅದನ್ನು ನೋಡುವುದೇ ಇಲ್ಲ. ಶನಿವಾರದ ಕರೆಂಟು ಹೋದ ಮೇಲಿನ ಸಾಲುಗಳಲ್ಲೆಲ್ಲ 2015ರ ಜನವರಿ ಎಂದಿತ್ತು! ಹತ್ತು ವರ್ಷ ಹಿಂದೆ ಕೂತು ನೋಡಿದರೆ ಇವತ್ತಿನ ಪಾಸು ಯಾವಾಗಲೋ ಮುಂದೆ ಶುರುವಾಗುವಂಥದ್ದೇ ಅಲ್ಲವೇ? ಪಾಸು ಸರಿಯಿದೆ, ಕಂಡಕ್ಟರಿಗೇ ಇವತ್ತು ಯಾವ ದಿನ ಅಂತ ಗೊತ್ತಿಲ್ಲ. ಸರ್ವರಿನ ಡಬ್ಬಿ ಬಿಚ್ಚಿ ನೋಡಿದರೆ ಒಳಗೆ ಗಡಿಯಾರಕ್ಕೆ ಜೀವ ಕೊಡುವ, ನಾಣ್ಯದಷ್ಟಗಲದ ಬ್ಯಾಟರಿ ಸತ್ತಿತ್ತು. ಇಂಟರ್ನೆಟ್ಟಿನಿಂದ ಸಮಯ ಕೇಳಿ ಸರಿಮಾಡಿಕೊಳ್ಳುವ ಏರ್ಪಾಟನ್ನೂ ಹಿಂದೆ ಯಾರೋ ನಿಲ್ಲಿಸಿಬಿಟ್ಟಿದ್ದರು. ಅದನ್ನು ಶುರುಮಾಡಿ ತಾರೀಖು ಸರಿಪಡಿಸಿದೆ. ಅವಸರದಲ್ಲಿ ಎರಡು ಸಲ ತಪ್ಪು ಒತ್ತಿದೆ. ಮೂರನೆಯ ಸಲಕ್ಕೆ ಸಾಲಿನ ಮೊದಲ ಮೇಲ್ ಹೊರಟಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. "ಹೋದ್ವು ನೋಡು, ಹೋದ್ವು!" ಎಂದು ದುರುಗೇಶಣ್ಣ ಮಕ್ಕಳ ಹಾಗೆ ಕೂಗಿದರು. ಕೌಂಟರಿನ ಕಡೆ ನಿಂತವರ ಫೋನುಗಳು ಟಿಣ್ ಟಿಣ್ ಅನ್ನತೊಡಗಿದವು.

ನನ್ನ ಫೋನೂ ಟಿಣ್ ಅಂದಿತು ಅವ್ವ.

ಮೊದಲು ನಾನು ಪರೀಕ್ಷೆಗೆಂದು ಕಳಿಸಿಕೊಂಡದ್ದಿರಬೇಕು ಅಂದುಕೊಂಡೆ. ತೆಗೆದು ನೋಡಿದರೆ, "ಯರ್ರಮ್ಮ, 56, ಮೊಳಕಾಲ್ಮೂರು. ನಿಮ್ಮ ವರದಿ ಸಿದ್ಧವಾಗಿದೆ" ಎಂದು ಕೋಡ್ ಸಮೇತ ಬಂದಿತ್ತು. ನಮ್ಮ ಬೀದಿಯಲ್ಲೇ ನಿನ್ನ ಹೆಸರಿನ ಇನ್ನೂ ಇಬ್ಬರು ಯರ್ರಮ್ಮ ಇದ್ದಾರೆ ಎಂದು ಮನಸ್ಸಿಗೆ ಹೇಳಿಕೊಂಡೆ. ಆದರೆ ಅವರಿಬ್ಬರೂ ನನ್ನ ನಂಬರ್ ಯಾಕೆ ಬರೆಸುತ್ತಾರೆ? ಅಲ್ಲೇ ನೆಲದ ಮೇಲೆ, ವೈರುಗಳ ನಡುವೆ ಕೂತುಬಿಟ್ಟೆ. ಕೋಡ್ ಕೈಯಲ್ಲಿತ್ತು. ಈ ಕೆಲಸಕ್ಕೆ ಸೇರಿದ ಮೇಲೆ ಒಬ್ಬರ ರಿಪೋರ್ಟನ್ನೂ ನಾನು ತೆರೆದು ನೋಡಿದವಳಲ್ಲ. ನೀನೇ ಬಚ್ಚಿಟ್ಟದ್ದನ್ನು ನಾನು ತೆರೆಯುವುದು ಹೇಗೆ? ತೆರೆಯದೆ ಇರುವುದಾದರೂ ಹೇಗೆ? ಫೋನನ್ನು ಹಾಗೇ ಒಯ್ದು ಶಾಂತಕುಮಾರಿ ಮೇಡಂ ಮುಂದೆ ಹಿಡಿದೆ. ಅವರು ಓದಿ, ನನ್ನ ಮುಖ ನೋಡಿ, "ನಿಮ್ಮವ್ವಾನಾ? ಡಾಕ್ಟರ ಹೆಸ್ರಿಲ್ದೆ ಬಂದಿದ್ದು, ಅದ್ಕೇ ನಾನ್ ಫೋನಲ್ಲಿ ಓದಿ ಹೇಳಿದ್ರಲ್ಲಿ ಸಿಕ್ಕಿಲ್ಲ. ನಂಬರ್ ಕೊಟ್ಟೋರು ಅವ್ರೇ ತಾನೆ? ಹಂಗಾದ್ರೆ ಇದು ನಿಂಗೇ ಬಂದಿರೋದು. ತೆಗಿ" ಅಂದರು.

ತೆಗೆದೆ. ರಕ್ತದ ಅಂಶ, ಹಿಮೋಗ್ಲೋಬಿನ್ ಅನ್ನುತ್ತಾರಲ್ಲ, ಅದು ಹನ್ನೆರಡು ಇರಬೇಕಾದಲ್ಲಿ ನಿನ್ನದು ಆರಕ್ಕಿಂತ ಕೆಳಗಿದೆ. ಮೇಡಂ ಕನ್ನಡಕ ತೆಗೆದಿಟ್ಟು, "ಹೆದ್ರಬ್ಯಾಡ. ಕಮ್ಮಿ ಐತೆ, ಭಾಳ ಕಮ್ಮಿ ಐತೆ. ಮೊದ್ಲು ರಕ್ತ ಹಾಕ್ಸಬೇಕು, ಯಾಕೆ ಹಿಂಗಾತು ಅಂತ ಆಮೇಲೆ ಹುಡುಕಣ. ವಾಸಿ ಆಗೋದೇ. ಆದ್ರೆ ನಾಳೆ ಅಂದಿದ್ದನ್ನ ನಾಡಿದ್ದು ಅನ್ನಂಗಿಲ್ಲ" ಅಂದರು. ಆಗಲೇ ಚಿತ್ರದುರ್ಗಕ್ಕೆ ಫೋನ್ ಮಾಡಿ, ನಾಳೆ ಬೆಳಿಗ್ಗೆಗೆ ಆಸ್ಪತ್ರೆಯಲ್ಲಿ ಹಾಸಿಗೆ ಹೇಳಿಟ್ಟಿದ್ದಾರೆ. ಸರ್ವರಿನ ಬ್ಯಾಟರಿ ಬದಲಾಯಿಸುವವರು ಬರುವತನಕ ನಾನು ಇಲ್ಲಿರಬೇಕು. ಬೆಳಗಿನ ಮೊದಲ ಬಸ್ಸಿಗೆ ಬಂದು ನಿನ್ನನ್ನು ಕರೆದುಕೊಂಡು ಹೋಗುತ್ತೇನೆ.

ಈಗ ನಾನು ಹೇಳುವುದನ್ನು ಕೇಳು. ಕಾಗದ ಸಿಕ್ಕ ಮೇಲೆ ಮಗ್ಗದ ಮೇಲೆ ಕೂರಬೇಡ. ಸೀರೆ ಅರ್ಧಕ್ಕೇ ಇರಲಿ, ಓಡಿಹೋಗುವುದಿಲ್ಲ. ಕೊಡ ಎತ್ತಬೇಡ, ಅಣ್ಣ ತರಲಿ. ಏಳುವಾಗ ಗೋಡೆ ಹಿಡಿದು ನಿಧಾನವಾಗಿ ಏಳು. ಎರಡು ಸೀರೆ, ಆಧಾರ್ ಕಾರ್ಡು, ಒಂದು ಹೊದಿಕೆ ಚೀಲಕ್ಕೆ ಹಾಕಿಕೋ. ಅಣ್ಣ ಅತ್ತಿಗೆಗೆ ನೀನೇ ಹೇಳಿದರೆ ಒಳ್ಳೆಯದು. ಬಸುರಿ ಹೆದರುತ್ತಾಳೆ ಎಂದು ತಾನೇ ನೀನು ಮುಚ್ಚಿಟ್ಟದ್ದು? ಅವಳು ಹೆದರುವುದಿಲ್ಲ ಅವ್ವ, ಹೇಳಲಿಲ್ಲವಲ್ಲ ಎಂದು ಅಳುತ್ತಾಳೆ. ನಿನಗೆ ಹೇಳಲಾಗದಿದ್ದರೆ ಬಿಡು, ನಾಳೆ ನಾನು ಹೇಳುತ್ತೇನೆ. ನನ್ನ ರಕ್ತವನ್ನೂ ಇವತ್ತೇ ಪರೀಕ್ಷೆಗೆ ಕೊಟ್ಟಿದ್ದೇನೆ. ನಿನಗೆ ಹೊಂದಿಕೆಯಾದರೆ ಬೇರೆ ಯಾರನ್ನೂ ಕೇಳುವುದು ಬೇಡ.

ಅಣ್ಣನಿಗೆ ನನ್ನ ನೆನಪು ಹೇಳು, ಅತ್ತಿಗೆಯನ್ನು ವಿಚಾರಿಸಿದೆ ಎಂದು ಹೇಳು. ನಿನ್ನ ಪಾದಕ್ಕೆ ನಮಸ್ಕಾರ. ನನಗೆ ಆಶೀರ್ವಾದ ಮಾಡುವುದೇನಾದರೂ ಇದ್ದರೆ, ಈ ಸಲ ನಿನಗೇ ಮಾಡಿಕೋ.

ನಿನ್ನ ಮಗಳು
ತೇಜಶ್ರೀ

ತಾ.ಕ.: ಕವರ್ ಅಂಟಿಸುವಷ್ಟರಲ್ಲಿ ರೇಣುಕಮ್ಮನ ಫೋನು ಬಂತು. ಯಾಕೆ ನನಗೆ ಹೇಳಲಿಲ್ಲ ಎಂದು ಜಗಳಕ್ಕೆ ಬಿದ್ದೆ. ಅವರು ಪಾಪ, "ನಿಮ್ಮವ್ವಂಗೆ ನಂಬರ್ ಹೇಳವ್ವ ಅಂತ ಚೀಟೀಲಿ ಬರ್ದು ತೋರಿಸ್ದೆ. 'ನನ್ ಮಗಳ್ದೇ ಹಾಕ್ಕೋ, ಅವ್ಳು ಅಲ್ಲೇ ಇರೋದು. ಬಾಯ್ಬಿಟ್ಟು ಹೇಳಾಕೆ ನಂಗಾಗವಲ್ದು, ಆ ರಿಪೋರ್ಟೇ ಹೋಗಿ ಹೇಳ್ಲಿ' ಅಂದ್ರು" ಅಂದರು. ಅವ್ವ, ನೀನು ಬಚ್ಚಿಟ್ಟಿರಲಿಲ್ಲ. ಶನಿವಾರವೇ ನನಗೆ ಹೇಳಿದ್ದೆ. ನಾನು ಭಾನುವಾರ ತಲೆ ತೊಳೆದುಕೊಂಡು ಹಾಯಾಗಿ ಮಲಗಿದ್ದಾಗ ನಿನ್ನ ಮಾತು ಆ ಹಿಂದಿನ ಕೋಣೆಯಲ್ಲಿ ನಿಂತಿತ್ತು. ನಾನು ಅಳುವುದನ್ನು ನೋಡಿ ದುರುಗೇಶಣ್ಣ, "ಬ್ಯಾಟ್ರಿ ನಾನ್ ಹಾಕಿಸ್ತೀನಿ, ನೀನ್ ನಡಿ. ಬಸ್ಸು ನಿಲ್ಲಿಸ್ತೀನಿ" ಎಂದು ರಸ್ತೆಗೆ ಓಡಿದ್ದಾರೆ. ಹಾಗಾಗಿ ಈ ಕಾಗದವನ್ನು ಡಬ್ಬದ ಜೊತೆ ಕಳಿಸುತ್ತಿಲ್ಲ, ನಾನೇ ತರುತ್ತಿದ್ದೇನೆ. ಓದಿ ಮುಗಿಸಿ ತಲೆ ಎತ್ತು, ಎದುರಿಗೇ ಕೂತಿರುತ್ತೇನೆ.