ಇಪ್ಪತ್ತೆಂಟನ್ನು ಆರಕ್ಕೆ ಇಳಿಸುವ ಡಬ್ಬಿ

ಮಾರ್ಚ್ 3, ಬೆಳಿಗ್ಗೆ 6
ತಮ್ಮನ ಮುಖ ಒರೆಸಿ, ಔಷಧ ಕುಡಿಸಿ ಮೇಜಿಗೆ ಬಂದೆ. ತಾಮ್ರತಂತಿಯ ಕಾಯಿಲ್: ಹದಿನಾಲ್ಕು ಸುತ್ತು. ಹನ್ನೆರಡನೆಯದು ಸಡಿಲ, ಬಿಚ್ಚಿ ಪುನಃ ಸುತ್ತಿದೆ. ಪಾರ್ಶ್ವವಾಯು ಮಾತನ್ನು ಕಸಿದುಕೊಳ್ಳುವ ಮುನ್ನ ಅವನೇ ತನ್ನ ಪುಸ್ತಕದಲ್ಲಿ ಬರೆದಿಟ್ಟ ನಕ್ಷೆಯಿದು. ಅವನ ರೇಡಿಯೋ ಗೆಳೆಯರು ದಿನವೂ ಏಳಕ್ಕೆ ಇಪ್ಪತ್ತೆಂಟು ಮೆಗಾಹರ್ಟ್ಜ್‌ನಲ್ಲಿ ಹರಟುತ್ತಾರೆ. ದೊಡ್ಡ ಸೆಟ್ಟು ಸುಟ್ಟಿದೆ; ಉಳಿದ ಹಳೆಯ ರೇಡಿಯೋ ಅಷ್ಟು ಎತ್ತರಕ್ಕೆ ಏರದು. ಅವರ ದನಿಯನ್ನು ಆರಕ್ಕೆ ಇಳಿಸಿಕೊಡಲು ಈ ಅಗ್ಗದ ಡಬ್ಬಿ — ಬಿಸ್ಕತ್ತಿನದು.
ಎರಡನೆಯ ಆಘಾತವಾದರೆ ಪ್ರಜ್ಞೆ ಉಳಿಯದೆಂದಿದ್ದಾರೆ ಡಾಕ್ಟರು. ಅಷ್ಟರೊಳಗೆ ಅವನಿಗೆ ಕೇಳಿಸಬೇಕು.

ಮಾರ್ಚ್ 5
ಪುಸ್ತಕದಲ್ಲಿ ‘ಕ್ರಿಸ್ಟಲ್ 22’ ಎಂದಿದೆ — ಡಬ್ಬಿಯ ಕಂಪನ ನಿಗದಿಪಡಿಸುವ ಹರಳು. ಕೈತಪ್ಪು. ಇಪ್ಪತ್ತೆಂಟನ್ನು ಹಿಡಿಯಲು ಇಪ್ಪತ್ತೆಂಟರದೇ ಬೇಕಲ್ಲವೆ? ಕೆಂಪು ಮಸಿಯಲ್ಲಿ ತಿದ್ದಿ ಅವನಿಗೂ ತೋರಿಸಿದೆ. ಎಡಗೈಯ ಎರಡು ಬೆರಳೆತ್ತಿದ. ಮತ್ತೊಮ್ಮೆ ಎತ್ತಿದ. ಕಿಟಕಿಗಳನ್ನು ತೋರಿಸುತ್ತಿದ್ದಾನೆಂದುಕೊಂಡು ಎದ್ದು ಎರಡನ್ನೂ ಮುಚ್ಚಿದೆ. ಗೋಡೆಯತ್ತ ಮುಖ ತಿರುಗಿಸಿಕೊಂಡ.
ಅಂಗಡಿಯಲ್ಲಿ 28ರದು ಇಲ್ಲ. ತರಿಸಲು ಒಂದು ವಾರವಂತೆ.

ಮಾರ್ಚ್ 13
ಕ್ರಿಸ್ಟಲ್ ಬಂತು. ಹಾಕಿದೆ. ಡಬ್ಬಿಯಿಂದ ಸದ್ದೇ ಇಲ್ಲ. ರೇಡಿಯೋ ರಿಪೇರಿಯವರಲ್ಲಿಗೆ ಒಯ್ದೆ. ಪುಸ್ತಕ ನೋಡಿದರು.
"ಕೆಂಪಲ್ಲಿ ತಿದ್ದಿದ್ಯಾರು ಮೇಡಂ?"
"ನಾನೇ."
"ಈ ಡಬ್ಬಿ ಬರೋದರಲ್ಲಿ ಹರಳಿನದನ್ನ ಕಳೆಯುತ್ತೆ. ಇಪ್ಪತ್ತೆಂಟರಲ್ಲಿ ಇಪ್ಪತ್ತೆರಡು ಕಳೀರಿ."
"ಆರು."
"ನಿಮ್ಮ ರೇಡಿಯೋಗೆ ಬೇಕಾಗಿರೋದೂ ಆರೇ ತಾನೆ? ನಿಮ್ಮ ತಮ್ಮ ಸರಿಯಾಗೇ ಬರೆದಿದ್ರು. ಒಂದನೇ ಕ್ಲಾಸ್ ಲೆಕ್ಕದಲ್ಲಿ ಫೇಲಾಗ್ಬಿಟ್ರಲ್ಲ ಟೀಚರೇ!"
ನಕ್ಕರು. ನನ್ನ ಮುಖ ನೋಡಿ ಡ್ರಾಯರು ಎಳೆದರು. 22ರದು ಅದರಲ್ಲೇ ಇತ್ತು. ಹೋದ ವಾರವೂ ಇತ್ತಂತೆ.
ಎರಡು ಬೆರಳು. ಎರಡು ಸಲ.
ನಾನು ಕಿಟಕಿ ಮುಚ್ಚಿದೆ.
ಮನೆಗೆ ಬಂದಾಗ ಬಾಗಿಲಲ್ಲೇ, ಹಗಲು ಅವನನ್ನು ನೋಡಿಕೊಳ್ಳುವ ನರ್ಸ್: "ಅಮ್ಮಾ, ಬೇಗ ಬನ್ನಿ..."

ಮಾರ್ಚ್ 18, ಬೆಳಿಗ್ಗೆ 7
ಆಸ್ಪತ್ರೆಯಲ್ಲಿ ಮಾಡುವುದೇನೂ ಉಳಿದಿಲ್ಲವೆಂದು ನಿನ್ನೆ ಮನೆಗೆ ಕಳುಹಿಸಿದರು. 13ರ ಆಘಾತದಿಂದೀಚೆ ಅವನು ಕಣ್ಣು ತೆರೆದಿಲ್ಲ. ಆದರೂ 22ಕ್ಕೆ ಬೆಸುಗೆ ಹಾಕಿದೆ. ರೇಡಿಯೋವನ್ನು ದಿಂಬಿನ ಪಕ್ಕಕ್ಕಿಟ್ಟೆ. ಬಂತು — ಪಕ್ಕದ ಕೋಣೆಯಲ್ಲಿ ಮಾತಾಡಿದಷ್ಟು ಸ್ಪಷ್ಟ.
"ಯಜಮಾನ್ರ ಸುದ್ದಿ ಏನಾದ್ರೂ ಗೊತ್ತಾಯ್ತೇನಯ್ಯ?"
"ಎಲ್ಲಿ! ಅವರಕ್ಕ ಟೀಚರು. ಫೋನ್ ಮಾಡಿದ್ರೆ ಮೊದಲು ನನ್ನ ಕನ್ನಡ ತಿದ್ತಾರೆ, ಆಮೇಲೆ ಸುದ್ದಿ."
ಎಲ್ಲರೂ ನಕ್ಕರು.
"ಕೇಳಿಸ್ತೇನೋ?" ಎಂದೆ. "ನನ್ನನ್ನೇ ಆಡ್ಕೊಳ್ತಿದಾರೆ. ನೀನೇ ಹೇಳಿಕೊಟ್ಟಿದ್ದು ತಾನೆ? ನಗೋ."
ಕಿವಿಯ ಹತ್ತಿರ ಬಾಗಿ, ದನಿ ಏರಿಸಿ, ಇನ್ನೊಮ್ಮೆ ಹೇಳಿದೆ: "ನಗೋ."