ಎರಡು ಹಲ್ಲಿನ ಖಾಲಿ ಜಾಗ

ಬುಧವಾರ, ಮಧ್ಯಾಹ್ನ
ಲ್ಯಾಬಿನ ಕಿಟಕಿ ಪಕ್ಕದ ನನ್ನ ಮೇಜು

ಊರವರನ್ನೆಲ್ಲ ನಗಿಸಿ ಫೋಟೋ ತೆಗೆದು, ತಾವು ಮಾತ್ರ ತುಟಿ ಬಿಗಿದುಕೊಂಡಿರುವ ನಮ್ಮ ಮನೆಯವರಿಗೆ,

ನೀವು ಹೇಳಿ ಹೋದಂತೆ ಯಾವುದೋ ಹೊರೂರಿನ ಮದುವೆಯಲ್ಲಿ ಕ್ಯಾಮೆರಾ ಹಿಡಿದು ಕ್ಷೇಮವಾಗಿದ್ದೀರಿ ಎಂದು ನಂಬಿ ಬರೆಯಬೇಕಿತ್ತು. ಆದರೆ ಸೋಮವಾರ ಸಂಜೆಯೇ ನಿಮ್ಮ ಅಕ್ಕ ಫೋನ್ ಮಾಡಿ, "ನಮ್ಮನೇಲೇ ಇದ್ದಾನೆ ಕಣೇ, ಯಾರಿಗೂ ಹೇಳ್ಬೇಡ ಅಂದಿದ್ದಾನೆ, ಅದಕ್ಕೇ ನಿನಗೊಬ್ಬಳಿಗೇ ಹೇಳ್ತಿದ್ದೀನಿ" ಎಂದರು. ನಿಮ್ಮ ಅಕ್ಕನ ಬಳಿಯ ಗುಟ್ಟು, ಜರಡಿಯಲ್ಲಿಟ್ಟ ಹಿಟ್ಟು. ಈ ಪತ್ರವನ್ನೂ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಅಂಟು ಹಾಕಿದ್ದೇನೆ, ಆದರೂ ಓದಿಯೇ ಕೊಡುತ್ತಾರೆ. ಅತ್ತಿಗೆ, ಇಲ್ಲಿಯವರೆಗೆ ಓದಿದ್ದು ಸಾಕು, ಇನ್ನು ಅವರಿಗೆ ಕೊಡಿ.

ತಮಾಷೆ ಇಷ್ಟೇ. ಮುಂದಿನದಕ್ಕೆ ನನಗೂ ನಗು ಬರುತ್ತಿಲ್ಲ.

ನಿನ್ನೆ ಮಗಳು ಶಾಲೆಯಿಂದ ಮನೆಗೆ ಬರಲಿಲ್ಲ. ನಾಲ್ಕೂವರೆಗೆ ಬರಬೇಕಾದವಳು ಐದಾದರೂ ಇಲ್ಲ. ಶಾಲೆಗೆ ಓಡಿದೆ, ಗೇಟಿಗೆ ಬೀಗ. ಅವಳ ಗೆಳತಿಯ ಮನೆಗೆ ಹೋದರೆ, "ಬಸ್ ಹತ್ತಿದ್ಲು ಆಂಟಿ, ಎಲ್ಲಿಗೆ ಅಂತ ಹೇಳ್ಲಿಲ್ಲ" ಎಂದಿತು ಆ ಮಗು. ನಿಮ್ಮ ಫೋನು ಸ್ವಿಚ್ ಆಫ್, ನಿಮ್ಮ ಅಕ್ಕನದು ಎತ್ತುವವರಿಲ್ಲ. ಬಸ್ ನಿಲ್ದಾಣದಲ್ಲಿ ಇಳಿಯುವ ಒಂದೊಂದು ಕಾಲನ್ನೂ ನೋಡುತ್ತ ನಿಂತೆ. ಆರೂಕಾಲಿಗೆ ಬೂದು ಸಾಕ್ಸಿನ ಎರಡು ಕಾಲು ಇಳಿದವು. ತಾನು ಹುಟ್ಟಿದ ಆಸ್ಪತ್ರೆಗೆ ಹೋಗಿದ್ದಳಂತೆ. ಹನ್ನೊಂದು ವರ್ಷದ ಹುಡುಗಿ, ಒಬ್ಬಳೇ, ಎರಡು ಬಸ್ಸು ಬದಲಿಸಿ. "ನಾನು ನಿಜವಾಗ್ಲೂ ಇಲ್ಲೇ ಹುಟ್ಟಿದ್ನಾ, ಪುಸ್ತಕ ನೋಡಿ ಹೇಳಿ" ಎಂದು ಕೌಂಟರಿನಲ್ಲಿ ಕೇಳಿದ್ದಾಳೆ. ಅಲ್ಲಿಯ ಗುಮಾಸ್ತ, "ದೊಡ್ಡೋರನ್ನ ಕರ್ಕೊಂಡು ಬಾ ಪುಟ್ಟಿ" ಎಂದು ವಾಪಸು ಕಳಿಸಿದ್ದಾನೆ.

ಯಾಕೆ ಹೋದಳು ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಹಾಲುಹಲ್ಲು ಬಿದ್ದು ಮೂರು ವರ್ಷವಾದರೂ ನೀವು "ಬರುತ್ತೆ ಬಿಡು, ಆನೆಗೇನು ದಂತ ಒಂದೇ ದಿನಕ್ಕೆ ಬಂತಾ" ಎನ್ನುತ್ತಿದ್ದಿರಿ. ಶನಿವಾರ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಮೇಲಿನ ಎರಡು ದೊಡ್ಡ ಹಲ್ಲುಗಳ ಆಚೀಚೆ ಪೆನ್ನಿನ ತುದಿಯಿಟ್ಟು, "ಇಲ್ಲಿ ಬರೋದೇ ಇಲ್ಲ. ಒಳಗೆ ಮೊಳಕೆನೇ ಇಲ್ಲ, ಹುಟ್ಟಿನಿಂದ ಹೀಗೇ. ಸಾಮಾನ್ಯವಾಗಿ ಮನೆತನದಲ್ಲಿ ಬರುತ್ತೆ. ನಿಮ್ಮಿಬ್ಬರಲ್ಲಿ ಯಾರಿಗಾದ್ರೂ?" ಎಂದರು. ಪ್ರಶ್ನೆ ಮುಗಿಯುವ ಮೊದಲೇ ನೀವು "ನಮ್ಮ ಪೈಕಿ ಯಾರಿಗೂ ಇಲ್ಲ" ಎಂದಿರಿ. ನಾನು ಫ್ಯಾನು ನೋಡಿದೆ. ಅವಳು ನಮ್ಮಿಬ್ಬರನ್ನೂ ನೋಡಿದಳು.

ಅಂದಿನಿಂದ ಆಲ್ಬಮ್ಮುಗಳನ್ನು ಹರಡಿಕೊಂಡು ಕೂತಿದ್ದಾಳೆ. "ಊರಿನ ಪಾಪುಗಳಿಗೆಲ್ಲ ಫೋಟೋ ತೆಗೆಯೋ ಅಪ್ಪ, ನಂಗೆ ಮಾತ್ರ ಹುಟ್ಟಿದ ಮೇಲೆ ಎರಡು ತಿಂಗಳು ಯಾಕೆ ತೆಗೀಲಿಲ್ಲ?" ಎಂದಳು. ಕ್ಯಾಮೆರಾ ರಿಪೇರಿಗೆ ಹೋಗಿತ್ತು ಎಂದೆ. ಅದು ನಿಜವೇ, ಆದರೆ ನಮ್ಮ ಮನೆಯಲ್ಲಿ ಈಗ ನಿಜವಾದ ಮಾತಿಗೂ ಬೆಲೆ ಹೋಗಿದೆ. ನಿನ್ನೆ ಅವಳನ್ನು ತಬ್ಬಿಕೊಂಡು, ನೀನು ನನ್ನ ಹೊಟ್ಟೆಯಲ್ಲೇ ಹುಟ್ಟಿದ್ದು ಎಂದರೆ ಕೊಸರಿಕೊಂಡು ಕೇಳಿದಳು: "ಹಾಗಾದ್ರೆ ಡಾಕ್ಟರ್ ಸುಳ್ಳು ಹೇಳಿದ್ರಾ, ಅಪ್ಪ ಸುಳ್ಳು ಹೇಳಿದ್ರಾ?" ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಎದ್ದು ಹೋದೆ. ಹಾಲಿಟ್ಟಿರಲಿಲ್ಲ.

ಈಗ ನನ್ನ ತಪ್ಪೊಪ್ಪಿಗೆ. ನಿಮ್ಮ ಬಾಯಿಯ ಗುಟ್ಟು ನನಗೆ ಹದಿನೇಳು ವರ್ಷದಿಂದ ಗೊತ್ತು.

ಮದುವೆಗೆ ಮೊದಲೇ ಹಾಕಿಸಿಕೊಂಡಿದ್ದ ಕಟ್ಟುಹಲ್ಲು ಸವೆದಾಗ, ಹೆಂಡತಿ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿದ್ದಾಳೆಂದು ನೀವು ಊರಿನ ಆ ತುದಿಯ ಡಾಕ್ಟರನ್ನು ಹುಡುಕಿಕೊಂಡು ಹೋದಿರಿ. ಊರಿನಲ್ಲಿ ಡಾಕ್ಟರು ಮೂವತ್ತು, ಲ್ಯಾಬು ಎರಡು; ನಿಮ್ಮ ಲೆಕ್ಕ ಬರಡು. ನಮಗೆ ಬರುವ ಪ್ಲಾಸ್ಟರ್ ಅಚ್ಚಿನ ಮೇಲೆ ಹೆಸರಿರುವುದಿಲ್ಲ, ಬರೀ ನಂಬರು. ಆದರೆ ಆ ವಾಲಿದ ಕೋರೆಹಲ್ಲು, ಅದರ ಸಿಡಿದ ತುದಿ? ದಿನಕ್ಕೆ ಎರಡು ಹೊತ್ತು ಅದರೆದುರು ಕೂತು ಉಣ್ಣುವವಳು ನಾನು. ಜೊತೆಗಿದ್ದ ಚೀಟಿಯಲ್ಲಿ ಡಾಕ್ಟರು ಬರೆದಿದ್ದರು: ಎರಡು ಹಲ್ಲು, ಹುಟ್ಟಿನಿಂದ ಇಲ್ಲ. ಮಗಳದ್ದೂ ಅವೇ ಎರಡು.

ಆಮೇಲೆ ಇನ್ನೂ ಮೂರು ಸಲ ನಿಮ್ಮ ಅಚ್ಚು ಬಂತು. ನಾಲ್ಕು ಸೆಟ್ಟನ್ನೂ ನಾನೇ ಮಾಡಿದೆ. ವಾರವಿಡೀ ಮಾತು ಬಿಟ್ಟಿದ್ದಾಗಲೂ ನಿಮ್ಮ ಒಸಡಿಗೆ ಚುಚ್ಚದಂತೆ ಉಜ್ಜಿದ್ದೇನೆ. ನೀವು ಬಚ್ಚಲಿಗೆ ಚಿಲಕ ಹಾಕಿಕೊಂಡು ಬಾಯಿ ತೊಳೆಯುವಾಗ ಹೊರಗೆ ಪಾತ್ರೆ ಸದ್ದು ಮಾಡಿದ್ದೇನೆ. ಮೊದಲು ಅದು ಕರುಣೆ, ಆಮೇಲೆ ರೂಢಿ; ಸುಳ್ಳೇಕೆ, ನಡುವೆ ಒಂದಿಷ್ಟು ಮಜಾ. ಮಜಾ ಶನಿವಾರಕ್ಕೆ ಮುಗಿಯಿತು. ನೀವು ಸುಳ್ಳು ಹೇಳಿದಿರಿ, ನಾನು ಅದಕ್ಕೆ ಫ್ಯಾನು ನೋಡಿದೆ. ಇಬ್ಬರೂ ಸೇರಿಯೇ ಮಗುವನ್ನು ಆ ಬಸ್ಸು ಹತ್ತಿಸಿದ್ದು.

ಅವಳಿಗೆ ನಾನೇ ಹೇಳಿಬಿಡಬಹುದು. ನಿನ್ನೆ ನಾಲಿಗೆ ತುದಿಗೆ ಬಂದಿತ್ತು. ನಾನು ಹೇಳಿದರೆ ಅಪ್ಪ ಸುಳ್ಳುಗಾರ ಎಂದಷ್ಟೇ ಅವಳಿಗೆ ಗೊತ್ತಾಗುತ್ತದೆ. ತಾನು ಅಪ್ಪನ ಹಾಗೇ ಇದ್ದೇನೆ ಎಂಬುದನ್ನು ಅವಳು ಕಣ್ಣಾರೆ ನೋಡಬೇಕು. "ಶನಿವಾರ ಆ ಆಸ್ಪತ್ರೆಗೆ ಮತ್ತೆ ಹೋಗ್ತೀನಿ, ನೀನು ಬರದಿದ್ರೆ ಒಬ್ಳೇ" ಎಂದಿದ್ದಾಳೆ. ಹಟದಲ್ಲಿ ಅವಳು ಯಾರ ಮಗಳು ಎಂದು ತಿಳಿಯಲು ಎಕ್ಸ್‌ರೇ ಬೇಕಿಲ್ಲ, ಹೇಳಿದ್ದನ್ನು ಮಾಡುತ್ತಾಳೆ.

ನಾಳೆ ಗುರುವಾರ. ಅವಳು ಶಾಲೆಯಿಂದ ಬರುವ ಹೊತ್ತಿಗೆ ಮನೆಯಲ್ಲಿರಿ.

ಪಾತ್ರೆ ಸದ್ದು ಇನ್ನು ಮಾಡಲಾರದ,
ನಿಮ್ಮ ಮನೆಯವಳು

ತಾ.ಕ.: ಸೋಮವಾರ ಮಧ್ಯಾಹ್ನ, ಅಕ್ಕನ ಫೋನಿಗೂ ಮೊದಲೇ, ನಿಮ್ಮ ಅಚ್ಚು ನನ್ನ ಮೇಜಿಗೆ ಬಂದಿತ್ತು. "ಹಳೆಯದು ತುಂಡಾಗಿದೆ, ಅರ್ಜೆಂಟ್, ಗುರುವಾರ" ಎಂಬ ಚೀಟಿಯೂ ಇತ್ತು. ಯಾರ ಮದುವೆಗೆ ಹೋಗಿದ್ದೀರಿ ಎಂದು ಆಗಲೇ ತಿಳಿಯಿತು. ಐದನೆಯ ಸೆಟ್ಟು ಇವತ್ತು ಬೆಳಿಗ್ಗೆ ಮುಗಿದಿದೆ. ಡಾಕ್ಟರಿಗೆ ಕಳಿಸಿಲ್ಲ, ನನ್ನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದೇನೆ. ಅದಿಲ್ಲದೆಯೇ ಬನ್ನಿ. ಬಂದು ಮಗಳೆದುರು ಕೂತು ಒಮ್ಮೆ ಬಾಯ್ತುಂಬ ನಗಿ. ನಾನೂ ಪಕ್ಕದಲ್ಲೇ ಇರುತ್ತೇನೆ. ಇಷ್ಟು ವರ್ಷದಲ್ಲಿ ಆ ಜಾಗವನ್ನು ಪ್ಲಾಸ್ಟರಿನಲ್ಲಿ ಬಿಟ್ಟರೆ ನಾನೂ ನೋಡಿಲ್ಲ.